ರೇಸಿನ ರಿಮೋಟ್ ಕಾರಿಗೂ ನಿಂಬೆಹಣ್ಣು

ಗೆಳೆಯರೇ, ಭಾನುವಾರ ಮಸ್ಕಿಯಲ್ಲಿ ನನ್ನ ಮೊದಲ ರೇಸು. ಅದಕ್ಕೆಂದು ಇವತ್ತು ಸಿಂಧನೂರಿನ ಅಂಗಡಿಯಲ್ಲಿ ಒಂದು ರಿಮೋಟ್ ಕಾರು ಕೊಂಡೆ. ಹಿಂದಿನ ಎರಡೇ ಗಾಲಿಗೆ ಮೋಟಾರಿನ ಬಲವಿರುವ, ಅಗ್ಗದ ಕಾರು. ಜೊತೆಗೆ ಬಂದಿದ್ದ ಜವಳಗೇರಾದ ಸೋದರಮಾವ ಮೂಗು ಮುರಿದರು. ಕಣ್ಣು ಮಾತ್ರ ಕಾರಿನ ಮೇಲೇ ಇತ್ತು.

"ನಾಕೂ ಗಾಲಿ ಎಳಿಯೋದು ತಗೋಬೇಕಿತ್ತಲೇ. ಇದಕ್ಕೇನು ತಾಕತ್ತೈತಿ?"

"ನಿಮ್ಮ ಟ್ರ್ಯಾಕ್ಟರ್ ಎಷ್ಟು ಗಾಲಿ ಮ್ಯಾಲೆ ಗದ್ದಿ ಹೊಡಿತೈತ್ರಿ, ಮಾವ?" ಎಂದೆ.

ಮಾವ ಮಾತು ಬದಲಿಸಿದರು. "ಇರ್ಲಿ. ಹೊಸ ಗಾಡಿ, ದೃಷ್ಟಿ ಆಗಬಾರ್ದು. ಮೊದ್ಲು ನಿಂಬಿಹಣ್ಣು ತುಳಿಸು."

ಅಂಗಡಿಯ ಬಾಗಿಲಲ್ಲೇ ಜೇಬಿನಿಂದ ತಾವೇ ಹಣ್ಣು ತೆಗೆದು ಹಿಂದಿನ ಗಾಲಿಯ ಮುಂದೆ ಒತ್ತಿಟ್ಟು, ಕಾರಿನ ಹಿಂದೆ ಕೈಕಟ್ಟಿ ನಿಂತರು. ರಿಮೋಟ್ ಒತ್ತಿದೆ. ಗಾಲಿ ಹಣ್ಣನ್ನು ತುಳಿಯಲಿಲ್ಲ. ಗಿರ್ರನೆ ತಿರುಗಿ ಹಿಂದಕ್ಕೆ ಎಸೆಯಿತು. ಹಣ್ಣು ನೇರ ಮಾವನ ಮೊಣಕಾಲಿಗೆ ಬಡಿಯಿತು.

ದೃಷ್ಟಿ ಯಾರದೆಂದು ಅಂಗಡಿಯವನಿಗೂ ಗೊತ್ತಾಯಿತು.