ಆರ್ಡೆಲ್ಲಜ್ಜಿ ಲೆಕ್ಕವಿಟ್ಟ ಜ್ವರಗಳು

ಮನೆತನದಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆಯಾಗಿದೆಯೇ ಎಂದು ಆಸ್ಪತ್ರೆಯ ಅರ್ಜಿಯಲ್ಲಿ ಕೇಳಿದ್ದರು. ‘ಇಲ್ಲ’ ಎಂದು ಬರೆದು ಬಂದೆ. ಆಮೇಲೆ ಎರಡು ದಿನ ಊಟ ಸೇರಲಿಲ್ಲ. ಮಂಗಳವಾರ ನನ್ನ ಹತ್ತು ತಿಂಗಳ ಮಗ ಟೋಬಿಯಾಸನ ಸೀಳಿದ ಅಂಗುಳಕ್ಕೆ ಶಸ್ತ್ರಕ್ರಿಯೆ. ಹತ್ತು ತಿಂಗಳಾದರೂ ಮೈಯಲ್ಲಿ ಬಲವಿಲ್ಲದೆ ಇನ್ನೂ ಕತ್ತು ನಿಲ್ಲದ ಕೂಸು. ರಾಲಿ ನಗರದಲ್ಲಿ ಓದಿ ಬೆಳೆದ ನನಗೆ ನಮ್ಮ ಮನೆತನದ ಬಗ್ಗೆ ಏನು ತಾನೇ ಗೊತ್ತಿತ್ತು?

ನಮ್ಮವರ ಊರಾದ ಪೆಂಬ್ರೋಕಿನಲ್ಲಿ ಇಂಥದ್ದನ್ನು ಕೇಳಬೇಕಾದದ್ದು ನನ್ನ ಗಂಡನ ಅಜ್ಜಿ ಆರ್ಡೆಲ್ಲಾ ಆಕ್ಸೆಂಡೈನಳನ್ನು. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ತಟ್ಟೆ ಹಿಡಿದು ಬಂದ ಪ್ರತಿ ಮಗುವನ್ನೂ “ನೀನು ಯಾರ ಪೈಕಿ?” ಎಂದು ಕೇಳಿಯೇ ಬಡಿಸುತ್ತಿದ್ದಳಂತೆ. ಇಲ್ಲಿನ ಮೂಲನಿವಾಸಿಗಳಾದ ನಮ್ಮ ಲಂಬಿ ಜನರೆಲ್ಲ ಕೇಳುವ ಪ್ರಶ್ನೆಯೇ ಅದು. ಉತ್ತರವನ್ನು ಅವಳಷ್ಟು ಜೋಪಾನ ಮಾಡಿದವರು ಮಾತ್ರ ಇಲ್ಲ.

“ಬಾರಮ್ಮ, ಪಟ್ಟಣದ ಸೊಸೆ. ಹಸಿವೋ, ಭಯವೋ?”

“ಎರಡೂ ಅಜ್ಜಿ.”

ಕರಿದ ಮೆಕ್ಕೆಜೋಳದ ರೊಟ್ಟಿಗಳ ನಡುವೆ ಬೇಯಿಸಿದ ಸೊಪ್ಪಿಟ್ಟು ಕೈಗೆ ಕೊಟ್ಟಳು.

“ನಮ್ಮಲ್ಲಿ ಆಪರೇಷನ್ ಆಗೋವಾಗ ಯಾರಾದ್ರೂ ತೀರಿಹೋಗಿದ್ದಾರಾ?”

“ಆಪರೇಷನ್ನಿಂದ ಯಾರೂ ಇಲ್ಲ. ಜ್ವರದಿಂದ ಹೋದವು ಎರಡು.”

“ಎಂಥಾ ಜ್ವರ?”

“ನಮ್ಮಕ್ಕ ವರ್ಡೀನಳ ಮಗೂದು. ಅದಕ್ಕೂ ಅಂಗುಳ ಸೀಳಿತ್ತು. ಹೊಲಿಸೋಕೆ ಕರಕೊಂಡು ಹೋದ್ರು. ನಿದ್ದೆ ಬರಿಸಿದ ಮೇಲೆ ಮೈ ಕಾದ ಒಲೆ, ಕೈಕಾಲು ಮರದ ಹಲಗೆ. ಮನೆಯಿಂದ್ಲೇ ಜ್ವರ ತಂದಿತ್ತು ಅಂದ್ರು. ಬೆಳಿಗ್ಗೆ ಮುತ್ತಿಟ್ಟು ಕಳಿಸಿದೋಳು ನಾನು, ಹಣೆ ತಣ್ಣಗಿತ್ತು. ಇನ್ನೊಂದು ಮಗು ನಿಮ್ಮಮ್ಮನ ಕಡೇದು, ಅದಕ್ಕೂ ನಿದ್ದೆ ಬರಿಸಿದ ಮೇಲೆ ಹಾಗೇ ಆಯ್ತು.”

“ನಮ್ಮ ಕಡೇನೂ?”

“ನಮ್ಮವ್ವಾನೂ ನಿನ್ನ ಮುತ್ತಜ್ಜೀನೂ ಅಕ್ಕತಂಗೀರ ಮಕ್ಕಳು. ಮದುವೆಗೆ ಮುಂಚೆ ನನ್ನನ್ನ ಕೇಳಿದ್ರಾ? ಪಟ್ಟಣದಲ್ಲಿ ಕಾಫಿ ಕುಡೀತಾನೇ ಒಪ್ಕೊಂಡ್ರಿ!”

ಆ ಎರಡು ದಿನ ಗಾಬರಿಯಲ್ಲಿ ಓದಿಕೊಂಡಿದ್ದನ್ನೆಲ್ಲ ಹೇಳಿದೆ. “ಸ್ನಾಯುವಿನ ಒಂದೊಂದು ಕಣದೊಳಗೂ ಕ್ಯಾಲ್ಸಿಯಂ ತುಂಬಿದ ಕಣಜ ಇರುತ್ತಜ್ಜಿ. ಬಾಗಿಲು ತೆರೆದ್ರೆ ಸ್ನಾಯು ಬಿಗಿಯುತ್ತೆ, ಕ್ಯಾಲ್ಸಿಯಂ ವಾಪಸ್ ಒಳಗೆ ಹೋದ್ರೆ ಸಡಿಲ. ನಮ್ಮವರಲ್ಲಿ ಕೆಲವರಿಗೆ ಹುಟ್ಟಿನಿಂದ್ಲೇ ಆ ಬಾಗಿಲ ಏರ್ಪಾಡು ಸರಿ ಇರಲ್ಲ. ನಿದ್ದೆ ಬರಿಸೋ ಕೆಲವು ಅನಿಲ ತಾಕಿದ್ರೆ ಮುಚ್ಚೋದೇ ಇಲ್ಲ. ಬಿಗಿದದ್ದು ಬಿಗಿದ ಹಾಗೇ, ಮೈಯೆಲ್ಲ ಬೆಂಕಿ. ಅದು ಮನೆಯಿಂದ ತಂದ ಜ್ವರ ಅಲ್ಲಜ್ಜಿ.”

“ಹಾಲಲ್ಲಿರೋ ಕ್ಯಾಲ್ಸಿಯಮ್ಮಾ? ಕೂಸಿಗೆ ಹಾಲು ಬಿಡಿಸ್ತೀಯೇನು ಮತ್ತೆ?”

“ಇಲ್ಲಜ್ಜಿ, ಹಾಲಿನದೇನೂ ತಪ್ಪಿಲ್ಲ.”

“ಸದ್ಯ! ನಿನ್ನ ಓದು ಮಗೂನ ಉಪವಾಸ ಕೆಡವುತ್ತೆ ಅಂದ್ಕೊಂಡೆ.” ನಕ್ಕವಳು ತಟ್ಟನೆ ಸೌಟು ಕೆಳಗಿಟ್ಟಳು. “ಹಾಗಾದ್ರೆ ವರ್ಡೀನ್ ಏನೂ ತಪ್ಪು ಮಾಡಿರಲಿಲ್ಲ. ಜ್ವರದ ಕೂಸನ್ನ ನಾನೇ ಕೈಯಾರೆ ಕೊಟ್ಟೆ ಅಂತ ಸಾಯೋವರೆಗೂ ಅತ್ಲು.”

ಎಷ್ಟು ಮನೆಗಳಲ್ಲಿ ಇದನ್ನು ಜ್ವರವೆಂದುಕೊಂಡು ‘ಇಲ್ಲ’ ಎಂದು ಬರೆದಿದ್ದಾರೋ!

“ಬೇರೆ ಮದ್ದಿದೆಯಾ?” ಅಜ್ಜಿ ಕೇಳಿದಳು.

“ಇದೆ. ಮೊದಲೇ ಗೊತ್ತಿದ್ರೆ ಆ ಅನಿಲ ಬಿಟ್ಟು ನಿದ್ದೆ ಬರಿಸ್ತಾರೆ.”

“ಮತ್ತೆ ರೊಟ್ಟಿ ಹಿಡ್ಕೊಂಡು ಏನು ಕೂತಿದ್ದೀಯ?”

ಜಿಡ್ಡು ಬೆರಳಲ್ಲೇ ನಂಬರು ಒತ್ತಿದೆ. “ನಾನು ಟೋಬಿಯಾಸ್ ಲಾಕ್ಲಿಯರ್ ತಾಯಿ. ಅರಿವಳಿಕೆ ಡಾಕ್ಟರ ಹತ್ತಿರ ಮಾತಾಡಬೇಕು. ಈಗಲೇ. ನಮ್ಮ ಮನೆತನದಲ್ಲಿ ಎರಡು ಮಕ್ಕಳು...”