ಲೆನ್ ಹೋದ ಮೇಲಿನ ಮೂರು ಗೆಲುವು

ಕೋವಿಡ್ ಲಾಕ್‌ಡೌನ್‌ಗಳು ಮುಗಿದ ಮರುವರ್ಷ ನಾನು ಪಶ್ಚಿಮ ಸಿಡ್ನಿಯ ಒಂದು ರಗ್ಬಿ ಲೀಗ್ ಕ್ಲಬ್ಬಿನಲ್ಲಿ ಡೇಟಾ ಅನಲಿಸ್ಟ್ ಆಗಿದ್ದೆ. ಆಟಗಾರರು ಜೆರ್ಸಿಯೊಳಗೆ ಧರಿಸುವ ಜಿಪಿಎಸ್ ಸಾಧನದಿಂದ ಯಾರು ಎಷ್ಟು ದೂರ, ಎಷ್ಟು ವೇಗವಾಗಿ ಓಡಿದರೆಂದು ತಿಳಿಯುತ್ತದೆ. ಅದನ್ನು ಗ್ರಾಫ್ ಮಾಡಿ ಕೋಚ್‌ಗೆ ಕೊಡುವುದು ನನ್ನ ಕೆಲಸ. ನಾನು ಸೇರಿದ ಮೇಲೆ ಬಂದವರಲ್ಲಿ ಲೆನ್ ಮೂರನೆಯ ಕೋಚ್. ಹಿಂದಿನ ಇಬ್ಬರೂ ಸೀಸನ್ ಮುಗಿಯುವ ಮೊದಲೇ ಕೆಲಸ ಕಳೆದುಕೊಂಡಿದ್ದರು.

ಲೆನ್ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ವರ್ಷ ನಾವು ಸತತ ಐದು ಪಂದ್ಯ ಸೋತೆವು. ತೊಡೆಯ ಹಿಂಭಾಗದ ಸ್ನಾಯು ಹರಿದು ನಾಲ್ವರು ಹೊರಗಿದ್ದರು. ಒಂದು ಸೋಮವಾರ ಲೆನ್ ನನ್ನ ಮೇಜಿನ ಬಳಿ ಬಂದರು.

"ಶೋಭಾ, ಮೂರು ವಾರ ಟ್ರೇನಿಂಗ್‌ನಲ್ಲಿ ಸ್ಪೀಡ್ ಕಮ್ಮಿ ಮಾಡ್ತೀನಿ. ಕಾಲಿಗೆ ರೆಸ್ಟ್ ಬೇಕು. ನಿನ್ನ ಗ್ರಾಫ್ ಕೆಳಗೆ ಬೀಳತ್ತೆ, ಗಾಬರಿ ಆಗ್ಬೇಡ."

"ಆಮೇಲೆ?"

"ಆಮೇಲೆ ಓಡ್ತೀವಿ. ಅಷ್ಟು ದಿನ ನನ್ನನ್ನ ಇಟ್ಕೊಂಡಿದ್ರೆ."

ಗ್ರಾಫ್ ಬಿತ್ತು. ಮೂರನೆಯ ವಾರ ಆಡಳಿತ ಮಂಡಳಿ ಒಂದೇ ಪುಟದ ವರದಿ ಕೇಳಿತು. ನನ್ನ ಕೋಷ್ಟಕದಲ್ಲಿ ಕಾರಣ ಬರೆಯಲು ಒಂದು ಕಾಲಮ್ ಇತ್ತು. ಒಂದು ಪುಟಕ್ಕೆ ಹಿಡಿಯಲಿಲ್ಲವೆಂದು ಅದನ್ನು ತೆಗೆದೆ.

ಸಭೆಯಲ್ಲಿ ಒಬ್ಬ ನಿರ್ದೇಶಕರು ಇಳಿಯುವ ಗೆರೆಯ ಮೇಲೆ ಬೆರಳಿಟ್ಟು, "ನೋಡಿ, ಹುಡುಗರು ಅವನಿಗೋಸ್ಕರ ಓಡೋದನ್ನೇ ಬಿಟ್ಟಿದ್ದಾರೆ" ಎಂದರು. ಲೆನ್ ಅಲ್ಲಿರಲಿಲ್ಲ. ಅವರು ಮಂಡಳಿಗೆ ಮೊದಲೇ ಕಾರಣ ಹೇಳಿದ್ದರು. ಸೋಲುತ್ತಿರುವ ಕೋಚ್ ಏನು ಹೇಳಿದರೂ ನೆಪವಾಗಿ ಕೇಳಿಸುತ್ತದೆ. ಅಳತೆ ಮಾಡಿದವಳು ನಾನು, ನಾನು ಹೇಳಿದ್ದರೆ ನಂಬುತ್ತಿದ್ದರೇನೋ. ಕೇಳಿದರೆ ಹೇಳೋಣವೆಂದು ಕಾದು ಕುಳಿತೆ. ದೊಡ್ಡವರ ನಡುವೆ ಹಾಗಿರಬೇಕೆಂದು ಮೈಸೂರಿನ ಶಾಲೆಯಲ್ಲೇ ಕಲಿತಿದ್ದೆ. ಯಾರೂ ಕೇಳಲಿಲ್ಲ.

ಆ ಶನಿವಾರ ಮೆಲ್ಬರ್ನ್‌ನಲ್ಲೂ ಸೋತೆವು. ಸೋಮವಾರ ಲೆನ್ ಅವರನ್ನು ತೆಗೆದರು. ಹೊಸ ಕೋಚ್ ಬಂದ ಮೇಲೆ ಸತತ ಮೂರು ಗೆಲುವು. ಹೊಸಬರ ಹುರುಪು ಎಂದು ಪತ್ರಿಕೆಗಳು ಬರೆದವು. ವಿಶ್ರಾಂತಿ ಪಡೆದ ಕಾಲುಗಳು ಓಡುತ್ತಿದ್ದವು, ಅಷ್ಟೇ. ನನ್ನ ಗ್ರಾಫ್ ಲೆನ್ ಹೇಳಿದ ವಾರವೇ ಮೇಲೆದ್ದಿತ್ತು.

ಪೆಂಡಲ್ ಹಿಲ್‌ನ ನಮ್ಮ ಮನೆಯಲ್ಲಿ ನನ್ನ ಗಂಡ, "ಈಗಾದ್ರೂ ಮೀಟಿಂಗಲ್ಲಿ ಹೇಳ್ಬಿಡೇ" ಎಂದರು.

"ಈಗ ಹೇಳಿ ಯಾರಿಗೇನಾಗ್ಬೇಕು?"

"ನಿಂಗಾಗ್ಬೇಕು. ಮೂರು ವಾರದಿಂದ ಸಾರಿಗೆ ಉಪ್ಪು ಹಾಕಿಲ್ಲ ನೀನು."

ಹೇಳಲಿಲ್ಲ. ಆ ಹೊಸ ಕೋಚ್ ಕೂಡ ಮರುವರ್ಷ ಹೋದರು.

ಲೆನ್ ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ಮಗಳ ಮನೆ ಸೇರಿ ಶಾಲಾ ಮಕ್ಕಳಿಗೆ ಆಟ ಕಲಿಸುತ್ತಿದ್ದರು. ಕ್ರಿಸ್‌ಮಸ್‌ಗೆ ತಪ್ಪದೆ ಅವರ ಮೆಸೇಜ್ ಬರುತ್ತಿತ್ತು: "ಗ್ರಾಫ್ ಹೇಗಿದೆ, ಮೇಟ್?" ಚೆನ್ನಾಗಿದೆ ಎಂದಷ್ಟೇ ಉತ್ತರಿಸುತ್ತಿದ್ದೆ.

ಅಂತ್ಯಕ್ರಿಯೆಯ ನಂತರ ಅವರ ಮಗಳು ಎಲ್ಲರಿಗೂ ಟೀ ಕೊಡುತ್ತಿದ್ದಳು. ನಾನು ಕಪ್ ಕೆಳಗಿಟ್ಟು, "ಆ ಮೂರು ಗೆಲುವು ನಿಮ್ಮಪ್ಪಂದು. ನಂಗೆ ಗೊತ್ತಿತ್ತು, ಹೇಳ್ಲಿಲ್ಲ" ಎಂದೆ.

"ಅಪ್ಪಂಗೂ ಗೊತ್ತಿತ್ತು" ಎಂದಳು. "ನಿಮಗೆ ಗೊತ್ತು ಅನ್ನೋದೂ ಗೊತ್ತಿತ್ತು. ಒಂದಿನ ಹೇಳ್ತಾಳೆ ಅಂತಿದ್ರು." ಆಮೇಲೆ, ಸಕ್ಕರೆ ಬೇಕಾ ಎಂದು ಕೇಳಿದಳು.

ಈಗ ಪ್ರತಿ ಗ್ರಾಫ್‌ನ ಕೆಳಗೆ ಕಾರಣ ಬರೆಯುತ್ತೇನೆ. ಎರಡು ಪುಟವಾದರೆ ಆಗಲಿ. ಸಭೆಯಲ್ಲಿ ಯಾರೂ ಕೇಳದಿದ್ದರೂ ಅದನ್ನು ಓದಿ ಹೇಳುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಲೆನ್ ಇದ್ದಾಗ ಕಲಿಯಲಿಲ್ಲ.