ಇದ್ದಿಲು ಬಸ್ಸೂ ನನ್ನ ಕುಂಟುಗಾಲೂ

ನನ್ನ ಎರಡು ಕಾಲೂ ಗಟ್ಟಿಯಾಗಿವೆ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ: ಯುದ್ಧಕಾಲದಲ್ಲಿ ಒಂದು ದಿನ, ಒಂದು ಗಳಿಗೆಯ ಮಟ್ಟಿಗೆ, ನಾನು ಕುಂಟನಾಗಿದ್ದೆ.

ಯುದ್ಧವೆಂದರೆ ಗುಂಡು, ಫಿರಂಗಿ ಎಂದುಕೊಳ್ಳಬೇಡಿ. ವಿಲಾಯಿತಿಯಲ್ಲಿ ದೊರೆಸಾನಿಗಳು ಗುಲಾಬಿ ಕಿತ್ತು ಆಲೂಗಡ್ಡೆ ನೆಟ್ಟರೆಂದು ಪತ್ರಿಕೆಗಳಲ್ಲಿ ಓದುತ್ತಿದ್ದೆವು. ನಮ್ಮ ಪಾಲಿಗೆ ಬಂದದ್ದು ಇದ್ದಿಲು ಬಸ್ಸು. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿತ್ತು. ಬಸ್ಸಿನ ಬೆನ್ನಿಗೊಂದು ಒಲೆ ಕಟ್ಟಿ, ಇದ್ದಿಲು ಸುಟ್ಟು, ಆ ಗ್ಯಾಸಿನಲ್ಲೇ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎನ್ನುವುದು ಸೌಜನ್ಯದ ಮಾತು. ಏರು ಬಂದರೆ ಗಂಡಸರೆಲ್ಲ ಇಳಿದು ನೂಕಬೇಕು. ಟಿಕೆಟ್ಟಿನ ಜೊತೆಗೇ ಬರುತ್ತಿದ್ದ ಕರ್ತವ್ಯ ಅದು.

ಅಂದು ನಾನು ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೆಣ್ಣು ನೋಡಲು ಹೊರಟಿದ್ದೆ. ಅವ್ವ ಹಿಂದಿನ ದಿನವೇ ಅಲ್ಲಿ ನೆಂಟರ ಮನೆ ಸೇರಿದ್ದಳು. ಬಟ್ಟೆಗೂ ರೇಷನ್ನಾದ ಕಾಲ. ನನ್ನ ಮೈಮೇಲಿದ್ದ ಬಿಳಿ ಅಂಗಿ ಬ್ರೂಸ್‌ಪೇಟೆಯ ಗೆಳೆಯನದು. ಕುರುಗೋಡಿನ ಹತ್ತಿರ ಏರಿನಲ್ಲಿ ಬಸ್ಸು ಕೆಮ್ಮಿ ನಿಂತಿತು. ಅಂಗಿಯ ಮೇಲಿನ ಮಮತೆಗೆ, ನಾನು ಇಳಿದವನೇ ಕುಂಟತೊಡಗಿದೆ. ರುಮಾಲು ಸುತ್ತಿದ್ದ ಹಿರಿಯರೊಬ್ಬರು ಮರುಗಿದರು: "ಅಯ್ಯ, ನೀವು ಹತ್ತಿ ಕುಂದರ್ರಿ. ನಿಮ್ಮ ಪಾಲಿಂದೂ ನಾನ ನೂಕ್ತೀನಿ."

ನೂಕಿದರು ಕೂಡ. ಕಿಟಕಿಯ ಪಕ್ಕ ಕುಳಿತು ನೋಡುತ್ತಿದ್ದ ನನಗೆ ಆಗ ನಾಚಿಕೆಯಾಗಲಿಲ್ಲ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಅವ್ವನನ್ನು ಕರೆದುಕೊಂಡು ಹೆಣ್ಣಿನ ಮನೆಗೆ ಹೋದರೆ, ಮುಖದ ಮಸಿ ತೊಳೆದುಕೊಂಡು ಎದುರಿಗೆ ಬಂದು ಕುಳಿತವರು ಅದೇ ಹಿರಿಯರು, ಹುಡುಗಿಯ ಸೋದರಮಾವ! ಹುಡುಗಿ ಬಂದಳು. ಅವಳ ಕಣ್ಣು ನೋಡಿದ್ದೇ ತಡ, ಇವಳಿಲ್ಲದೆ ಬಾಳಲಾರೆ ಎಂದು ಅಲ್ಲೇ ತೀರ್ಮಾನವಾಯಿತು. ಹೆಣ್ಣು ನೋಡುವ ಪದ್ಧತಿ ನಿಮಗೆ ಗೊತ್ತೇ ಇದೆ: ಹುಡುಗಿಯನ್ನು ನಡೆಸಿ ನೋಡುವುದು. ಅವ್ವ ಬಾಯಿ ತೆರೆಯುವ ಮೊದಲೇ ಮಾವ ನನ್ನ ಕಡೆ ತಿರುಗಿದರು: "ತಪ್ಪು ತಿಳೀಬ್ಯಾಡ್ರಿ. ಮೊದಲು ಹುಡುಗ ನಾಕು ಹೆಜ್ಜಿ ನಡೀಲಿ."

"ನನ್ನ ಮಗನ ಕಾಲಿಗೇನಾಗೈತ್ರಿ?" ಅವ್ವ ಕೆರಳಿದಳು.

ಎದ್ದೆ. ಕುಂಟಿದರೆ ಹುಡುಗಿ ಇಲ್ಲ, ಕುಂಟದಿದ್ದರೆ ಮಾನ ಇಲ್ಲ. ಶನಿಮಹಾತ್ಮ ಕುಂಟುತ್ತಾನೆಂದು ಪುರಾಣ ಹೇಳುತ್ತದೆ. ಅವನಿಗಾದರೂ ಯಾವ ಕಾಲೆಂದು ನೆನಪಿರುತ್ತಿತ್ತು, ನನಗೆ ಅದೂ ಮರೆತಿತ್ತು. ನೆಟ್ಟಗೆ ನಡೆದೆ. ಅಂಗಿಯ ಕಥೆಯನ್ನೂ ಒಪ್ಪಿಕೊಂಡೆ. ಮಾವನ ಮುಖ ಕೆಂಪಾಯಿತು. "ಕುಂಟ ಆಗಿದ್ರ ಒಪ್ಪತಿದ್ವಿ. ಸುಳ್ಳನಿಗೆ ಹೆಂಗ ಕೊಡೋದು?"

ಆಗ ತಲೆ ತಗ್ಗಿಸಿ ಕುಳಿತಿದ್ದ ಹುಡುಗಿಯ ದನಿ ಕೇಳಿಸಿತು: "ಮಾಮಾ, ವಾಪಸ್ ಹೋಗುವಾಗ ಬಸ್ ನೂಕ್ತಾರೇನ್ ಕೇಳು."

"ನೂಕ್ತೀನ್ರಿ!" ಎಂದು ಕೂಗಿಯೇ ಬಿಟ್ಟೆ. "ಬಳ್ಳಾರಿ ತನಕ ನೂಕ್ತೀನಿ!"

ಸಂಜೆ ಮನೆಮಂದಿಯೆಲ್ಲ ಪರೀಕ್ಷೆ ನೋಡಲು ಬಸ್ಸಿನ ಹತ್ತಿರ ಬಂದು ನಿಂತರು. ಅಂದು ಆ ಬಸ್ಸಿಗೆ ಅದೇನು ಹುರುಪೋ, ಮೊದಲ ಸಲಕ್ಕೇ ಚಾಲೂ ಆಗಿ ಹೊರಟೇಬಿಟ್ಟಿತು. ನಾನು ಬಿಡಲಿಲ್ಲ. ಕೆಳಗೆ ಹಾರಿ, ಓಡುತ್ತಿದ್ದ ಬಸ್ಸನ್ನು ಹಿಂದಿನಿಂದ ನೂಕುತ್ತ, ಹೊಗೆ ಕುಡಿಯುತ್ತ, ಊರು ದಾಟುವವರೆಗೂ ಓಡಿದೆ. ಒಳಗೆ ಅವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು. ಹಿಂದೆ ಹುಡುಗಿ ನಗುತ್ತಿದ್ದಳು. ಮಾವ ಅದಕ್ಕಿಂತ ಜೋರಾಗಿ. ಗೆಳೆಯನ ಅಂಗಿ ಮತ್ತೆಂದೂ ಬೆಳ್ಳಗಾಗಲಿಲ್ಲ.

ಸಂಸಾರವೂ ಹೆಚ್ಚುಕಡಿಮೆ ಹೀಗೆಯೇ ಎಂದು ಆಮೇಲೆ ತಿಳಿಯಿತು. ಬಂಡಿ ತಾನಾಗಿಯೇ ಓಡುತ್ತಿರುತ್ತದೆ. ನಾವು ನೂಕುತ್ತಿರುವುದು ಹೆಂಡತಿಗೆ ಕಾಣುತ್ತಿರಬೇಕು, ಅಷ್ಟೆ.